ಮೂರು ಕೈಯ ಡ್ರಮ್ಮರ್ ಮತ್ತು ಅಪ್ಪನ ಎಡಗೈ

ಮನೆ, ಮಹಡಿಯ ಹಿಂದಿನ ಕೋಣೆ
ಗುರುವಾರ, ಸೆಪ್ಟೆಂಬರ್ 12, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಹದಿನಾಲ್ಕು ವರ್ಷಗಳ ಅವಿಚ್ಛಿನ್ನ ಸೇವೆಯ ನಂತರ ಹಿಂದಿನ ಕೋಣೆಯ ಬಟ್ಟೆ ಒಣಗಿಸುವ ಹಗ್ಗವು ಕಳೆದ ತಿಂಗಳು ನಿವೃತ್ತಿ ಹೊಂದಿದೆ. ಆ ಜಾಗದಲ್ಲೀಗ ಒಂದು ಕಂಪ್ಯೂಟರು, ಎರಡು ಸ್ಪೀಕರು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಳೇ ಕಂಬಳಿ ಇವೆ. ಇಷ್ಟು ಸೇರಿದರೆ ಅದನ್ನು ಸ್ಟುಡಿಯೋ ಎನ್ನುತ್ತಾರೆ. ಅಮ್ಮ ಮಾತ್ರ ಇವತ್ತಿಗೂ ಒದ್ದೆ ಟವೆಲ್ ಹಿಡಿದು ಬರುತ್ತಾಳೆ, ಹಗ್ಗವಿದ್ದ ಗಾಳಿಯನ್ನು ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ವಾಪಸು ಹೋಗುತ್ತಾಳೆ.

ನೀನು ಹೇಗಿದ್ದೀಯ? ಹಡಗಿನ ಊಟ ಒಗ್ಗಿತೇ? ನಿದ್ದೆ ಬರುತ್ತಿದೆಯೇ? ಸಂಜೆ ಹಡಗಿನ ಪ್ರವಾಸಿಗರ ಮುಂದೆ ಎರಡೆರಡು ಪಾಳಿ ಡ್ರಮ್ ಬಾರಿಸಿ ಕೈ ಸೋಲುತ್ತಿದೆಯೇ? ಮೊದಲಿನ ಮೂರು ವಾಡಿಕೆಯ ಪ್ರಶ್ನೆಗಳು, ಕೊನೆಯದು ಅಲ್ಲ. ಅದನ್ನು ಕೇಳಲೆಂದೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲಾದರೆ ನೀನು ನಕ್ಕು, ‘ಬೆಲ್ ಹೊಡೀತು ಕಣೆ, ಸ್ಟೇಜಿಗೆ ಹೋಗ್ಬೇಕು’ ಎಂದು ಇಟ್ಟುಬಿಡುತ್ತೀಯ. ನನಗೆ ಒಂದು ವಾರದಿಂದ ಹೆದರಿಕೆ ಹತ್ತಿಕೊಂಡಿದೆ ಅಪ್ಪಾ. ಹೆದರಿದಾಗ ನನ್ನ ಬಾಯಿಗೆ ತಮಾಷೆ ಜಾಸ್ತಿ ಬರುತ್ತದೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಗುವುದಾದರೆ ನಗು, ಆದರೆ ಪೂರ್ತಿ ಓದು.

ಇದೆಲ್ಲ ಶುರುವಾದದ್ದು ಮಾವನಿಂದ. ನಿನ್ನ ಭಾವಮೈದುನ ಚಪ್ಪಲಿ ಅಂಗಡಿಯ ಗಲ್ಲಾದ ಹಿಂದೆ ಕೂತು ಎಂಟು ಹಾಡು ಕಟ್ಟಿದ್ದಾನೆ. ಎಂಟೂ ಸಮುದ್ರದ ಮೇಲೆ. ಸಮುದ್ರ ನೋಡುತ್ತಿರುವವನು ನೀನು, ಹಾಡು ಬರೆದವನು ಅವನು. ನ್ಯಾಯ ಎಲ್ಲಿದೆ ಕೇಳಬೇಡ. ಅದಕ್ಕೆ ಡ್ರಮ್ ಬೇಕು, ನೀನಿಲ್ಲ, ಬೇರೆಯವರು ಬಾರಿಸುವುದು ಅವನಿಗೆ ಒಗ್ಗದು. ಹಾಗಾಗಿ ಕಂಪ್ಯೂಟರಿನಲ್ಲೇ ಡ್ರಮ್ ಬರೆಯುವ ಭಾರ ನನ್ನ ತಲೆಗೆ ಬಂತು. ಬರೆಯುವುದೆಂದರೆ, ಚೌಕಳಿ ಹಾಳೆಯಂಥ ಪರದೆಯ ಮೇಲೆ ಒಂದೊಂದು ಪೆಟ್ಟನ್ನೂ ಚುಕ್ಕೆಯಾಗಿ ಇಡುವುದು. ನಾನು ಮೊದಲ ಹಾಡಿನ ಅಷ್ಟೂ ಚುಕ್ಕೆಗಳನ್ನು ಗೆರೆಗೆ ಸರಿಯಾಗಿ ಕೂರಿಸಿ ಹೆಮ್ಮೆಯಿಂದ ಕೇಳಿಸಿದೆ. ಮಾವ ಕಣ್ಣು ಮುಚ್ಚಿ ಕೇಳಿ, ‘ಚೆನ್ನಾಗಿದೆ, ಯಾವ ಟೈಲರ್ ಅಂಗಡೀಲಿ ರೆಕಾರ್ಡ್ ಮಾಡ್ದೆ?’ ಎಂದ. ಎರಡನೇ ಸಲ ಅಬ್ಬರ ಸಾಲದೆಂದು ಎಲ್ಲ ಕಡೆಯೂ ಪೆಟ್ಟು ತುಂಬಿಸಿದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿ, ‘ಇವನಿಗೆ ಮೂರು ಕೈ ಇದೆಯಲ್ಲೇ, ಇನ್ನೊಂದು ಎಲ್ಲಿಂದ ತಂದ?’ ಎಂದ. ನಿಜವಾಗಿಯೂ ಒಂದೇ ಕ್ಷಣದಲ್ಲಿ ಮೂರು ಕಡೆ ಕೋಲು ಬೀಳಿಸಿಬಿಟ್ಟಿದ್ದೆ.

ಆಮೇಲೆ ಹೊಳೆದದ್ದು ನನ್ನ ಕಸುಬಿನಿಂದಲೇ. ಕೃತಕ ಹಲ್ಲು ಮಾಡುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹಲ್ಲುಗಳನ್ನು ಒಂದೇ ಸಮನೆ ಬೆಳ್ಳಗೆ, ನೆಟ್ಟಗೆ ಜೋಡಿಸಿದರೆ ನೋಡಿದವರಿಗೆ ಸುಳ್ಳು ಹಲ್ಲೆಂದು ತಕ್ಷಣ ಗೊತ್ತಾಗುತ್ತದೆ. ಒಂದನ್ನು ಕೂದಲೆಳೆಯಷ್ಟು ವಾಲಿಸಬೇಕು, ಇನ್ನೊಂದಕ್ಕೆ ಒಂಚೂರು ಹಳದಿ ಕೊಡಬೇಕು. ಡ್ರಮ್ಮಿಗೂ ಅದೇ ಮದ್ದು. ಒಂದು ಪೆಟ್ಟು ಜೋರು, ಮುಂದಿನದು ಮೆತ್ತಗೆ, ಮೂರನೆಯದು ಗೆರೆಯಿಂದ ತುಸು ಆಚೆ. ಆದರೆ ಎಷ್ಟು ಆಚೆ? ಅಂದಾಜಿಗೆ ವಾಲಿಸಿದರೆ ಕುಡಿದವನು ಬಾರಿಸಿದಂತೆ ಕೇಳುತ್ತದೆ. ಯಾರದಾದರೂ ಬಾಯಿ ಅಚ್ಚು ಬೇಕು. ನಿನ್ನದನ್ನೇ ತೆಗೆದುಕೊಂಡೆ.

ನಿನ್ನ ಅಭ್ಯಾಸದ ರೆಕಾರ್ಡುಗಳು ನೆನಪಿವೆಯಲ್ಲ. ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಗತ್ತಿನಲ್ಲಿ ತಾರೀಖು ಹೇಳಿ, ಟಿಕ್ ಟಿಕ್ ಯಂತ್ರದ ಜೊತೆ ಅದೇ ಐದು ನಿಮಿಷದ ಪಾಠ ಬಾರಿಸಿದವು. ನಾಲ್ಕು ವರ್ಷದವನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು, ದನಿಯ ಅಲೆಗಳನ್ನು ಹಿಗ್ಗಿಸಿ ಅಳೆದೆ. ಬಲಗೈ ಕಂಚಿನ ತಟ್ಟೆಯ ಮೇಲೆ, ಎಡಗೈ ಚಿಕ್ಕ ಡ್ರಮ್ಮಿನ ಮೇಲೆ, ಎರಡೂ ಒಟ್ಟಿಗೆ ಬೀಳಬೇಕಾದ ಕಡೆ ನಿಂತು ನೋಡಿದೆ. ನಾಲ್ಕು ವರ್ಷದ ಹಿಂದೆ ನಿನ್ನ ಎಡಗೈ ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅದು ಮನುಷ್ಯನ ಕೈ. ಎರಡು ವರ್ಷದ ಹಿಂದೆ ಹದಿನಾಲ್ಕು ಪಾಲು, ಯಾವಾಗಲೂ ಹಿಂದೆ. ನೀನು ಹಡಗು ಹತ್ತುವ ವಾರ, ಈ ಫೆಬ್ರವರಿಯಲ್ಲಿ, ನಲವತ್ತೊಂದು. ಬಲಗೈ ಅಷ್ಟು ವರ್ಷವೂ ಇದ್ದಲ್ಲೇ ಇದೆ. ದೊಡ್ಡ ಪೆಟ್ಟುಗಳ ನಡುವೆ ನಿನ್ನ ಎಡಗೈ ಪಿಸುಗುಟ್ಟುತ್ತಿದ್ದ ಸಣ್ಣ ಪೆಟ್ಟುಗಳನ್ನೂ ಎಣಿಸಿದೆ. ಮೊದಲು ಸಾಲಿಗೆ ಆರೇಳು ಇರುತ್ತಿದ್ದವು. ಫೆಬ್ರವರಿಯಲ್ಲಿ ಒಂದೂ ಇಲ್ಲ.

ಮೈಕು ಜರುಗಿರಬಹುದೆಂದುಕೊಂಡೆ. ನಾನೇ ಅದನ್ನು ಅಡಿಗಡಿಗೆ ಸರಿಸಿ, ಕೋಲಿನಿಂದ ಕುಟ್ಟಿ ಅಳೆದೆ. ಅದರಿಂದ ಮೂರು ನಾಲ್ಕು ಪಾಲು ಹೆಚ್ಚು ಕಡಿಮೆಯಾಗಬಹುದು, ನಲವತ್ತೊಂದಾಗದು. ನಾವೆಲ್ಲ ಇದನ್ನು ಕಿವಿಯಾರೆ ಕೇಳಿದ್ದೆವು ಎನ್ನುವುದೇ ನನ್ನನ್ನು ಹೆದರಿಸುತ್ತಿರುವುದು. ಹೋದ ವರ್ಷ ನಿನ್ನ ಬ್ಯಾಂಡಿನವರೆಲ್ಲ, ‘ಯಜಮಾನ್ರ ಕೈಗೆ ಈಗ ಗತ್ತು ಬಂದಿದೆ ನೋಡಿ, ಅವಸರವೇ ಇಲ್ಲ’ ಎಂದು ಹೊಗಳಿದರು. ತಡವಾಗಿ ಬೀಳುವ ಪೆಟ್ಟನ್ನು ರಾಜಗಾಂಭೀರ್ಯವೆಂದು ಕರೆಯುವುದು ಡ್ರಮ್ ಕೇಳುವವರ ರೂಢಿ. ಬೇರೆ ಯಾವ ಕಸುಬಿನಲ್ಲಾದರೂ ಯಾರಾದರೂ ಒಬ್ಬರು ‘ಕೈಗೇನಾಯ್ತು?’ ಎನ್ನುತ್ತಿದ್ದರು. ನಾನೂ ಚಪ್ಪಾಳೆ ತಟ್ಟಿದೆ. ನಾನೇ ಮುಂದಾಗಿ ತಟ್ಟಿದೆ.

ಆ ನಲವತ್ತೊಂದನ್ನೇ ಹಾಕಿ ಮಾವನಿಗೆ ಕೇಳಿಸಿದೆ. ‘ಹಾ, ಈಗ ಬಂದ ನೋಡು ನಿಮ್ಮಪ್ಪ’ ಎಂದು ತೊಡೆ ತಟ್ಟಿದ. ನಾನು ಎದ್ದು ಅಡುಗೆಮನೆಗೆ ಹೋಗಿ, ನೀರು ಕುಡಿಯದೆ ಲೋಟ ಹಿಡಿದು ನಿಂತೆ. ವಾಪಸು ಬಂದು ಎಡಗೈಯ ಚುಕ್ಕೆಗಳನ್ನೆಲ್ಲ ಗೆರೆಯ ಹತ್ತಿರಕ್ಕೆ ಎಳೆದುಬಿಟ್ಟೆ. ಪರದೆಯ ಮೇಲೆ ಎಳೆದರೆ ಬರುತ್ತದೆ ಅಪ್ಪಾ, ಒಂದು ಕ್ಷಣ ಸಾಕು. ಮಾವ ಮುಖ ಸಿಂಡರಿಸಿ, ‘ಇದ್ಯಾರೋ ಬೇರೆಯವನು’ ಎಂದ.

ಅಮ್ಮನಿಗೆ ಏನೂ ಹೇಳದೆ, ಹಗ್ಗದ ವಿಷಯ ಮಾತಾಡುತ್ತಲೇ, ಅಪ್ಪನ ಎಡಗೈ ಹೇಗಿತ್ತು ಎಂದೆ. ಅವಳು ಟವೆಲ್ ಮಡಚುತ್ತ, ‘ಹಡಗು ಹತ್ತೋಕೆ ಮುಂಚೆ ಒಂದು ವರ್ಷ ಅಂಗಿ ಗುಂಡಿ ನಾನೇ ಹಾಕ್ತಿದ್ನಲ್ಲ, ನೋಡಿಲ್ವಾ?’ ಎಂದಳು. ನೋಡಿದ್ದೆ. ಪ್ರತಿ ಬೆಳಗ್ಗೆ ಬಾಗಿಲ ಹತ್ತಿರ ನೀವಿಬ್ಬರು ಹಾಗೆ ನಿಲ್ಲುವುದನ್ನು ನೋಡಿ, ಈ ವಯಸ್ಸಿನಲ್ಲಿ ಎಂಥ ಪ್ರೀತಿ ಎಂದು ನಗುತ್ತಿದ್ದೆ. ಹಾಗೆಂದು ಅವಳಿಗೆ ಹೇಳಿದೆ. ‘ಪ್ರೀತಿನೂ ಹೌದು ಅನ್ನು’ ಎಂದಳು. ಆಮೇಲೆ ಮಡಚಿದ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದಳು.

ನಮ್ಮ ಲ್ಯಾಬಿಗೆ ಹಲ್ಲಿನ ಅಳತೆ ಬರೆದುಕೊಡುವ ಹಲ್ಲಿನ ಡಾಕ್ಟರಿಗೂ, ನಿನ್ನ ಪೆಟ್ಟುಗಳ ಲೆಕ್ಕವನ್ನು ಒಂದು ಹಾಳೆಗೆ ಇಳಿಸಿ ತೋರಿಸಿದೆ. ಎಲ್ಲದಕ್ಕೂ ನಗುವ ಮನುಷ್ಯ ನಗಲಿಲ್ಲ. ‘ನಾನು ಬಾಯಿಂದ ಕೆಳಗಿನದಕ್ಕೆ ಜವಾಬ್ದಾರನಲ್ಲಮ್ಮ. ಆದ್ರೆ ಒಂದೇ ಕೈ, ವರ್ಷ ವರ್ಷಕ್ಕೂ ಜಾಸ್ತಿ ಅಂದ್ರೆ ತೋರಿಸ್ಬೇಕು, ಬೇಗ ತೋರಿಸ್ಬೇಕು’ ಎಂದರು. ಏನಿರಬಹುದು ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅವರೂ ಹೇಳಲಿಲ್ಲ. ಏನೂ ಇಲ್ಲದಿರಬಹುದು. ನಿನ್ನ ಕೆಲಸ ಹೋಗುತ್ತದೆಂಬ ಭಯ ನಿನಗಿದ್ದೀತು. ನಿನಗೆ ಮೊದಲೇ ಗೊತ್ತಿದ್ದು ಅಡಗಿಸಿಕೊಂಡಿದ್ದೀಯೋ ಎಂಬ ಭಯ ನನಗೆ.

ಅಮ್ಮ ಆರೋಗ್ಯ, ಮಾವ ಆರೋಗ್ಯ, ಅವನ ಎಂಟು ಸಮುದ್ರಗಳೂ ಆರೋಗ್ಯ. ಬಿಸಿಲಿಗೆ ಟೋಪಿ ಹಾಕಿಕೋ. ಎಲ್ಲರ ನೆನಪುಗಳೊಂದಿಗೆ,

ನಿನ್ನ
ಗಿಲಕಿ

ಮರೆತಿದ್ದೆ: ಹಡಗಿನಲ್ಲಿ ಒಬ್ಬ ಡಾಕ್ಟರು ಇದ್ದೇ ಇರುತ್ತಾರೆ. ಇದರ ಜೊತೆಗಿರುವ ಹಾಳೆಯಲ್ಲಿ ನಾಲ್ಕು ವರ್ಷದ ಗೆರೆಗಳಿವೆ, ತಾರೀಖು ಬರೆದಿದ್ದೇನೆ. ಕಾಗದ ಸಿಕ್ಕಿದ ದಿನವೇ, ಸಂಜೆಯ ಪಾಳಿಗೆ ಮೊದಲು, ಅದನ್ನು ಅವರ ಮುಂದಿಟ್ಟು ಎರಡೂ ಕೈ ಚಾಚು. ಜೋಕು ಹೇಳಬೇಡ. ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇನೆ; ನೋಡಿದ್ದನ್ನು ಅವರೇ ಅಲ್ಲಿ ಬರೆಯಲಿ, ನೀನು ಅದರ ಫೋಟೋ ಕಳಿಸು. ‘ಏನೂ ಇಲ್ವಂತೆ’ ಎಂಬ ನಿನ್ನ ಬಾಯಿಮಾತು ಈ ಮನೆಯಲ್ಲಿ ನಡೆಯುವುದಿಲ್ಲ. ಅವರ ಹತ್ತಿರ ಪೆನ್ನಿರಲಿಲ್ಲ ಎನ್ನಬೇಡ, ಲಕೋಟೆಯೊಳಗೆ ಒಂದು ಹಾಕಿದ್ದೇನೆ.