ಕಾಜಾ ಒಂದೇ ಬಾಕಿ

ಪ್ರೀತಿಯ ಚಿಕ್ಕಮ್ಮಾ,

ಕ್ಷೇಮವಾಗಿದ್ದೇನೆ, ಕೆಮ್ಮು ಬಿಟ್ಟಿದೆ. ನಿನ್ನ ಹೊಲಿಗೆ ಅಂಗಡಿಯನ್ನು ಇದ್ದದ್ದು ಇದ್ದ ಹಾಗೆ ತೋರಿಸುವ ನನ್ನ ವಿಡಿಯೋ ಗೇಮಿಗೆ ಇಲ್ಲಿನ ಪ್ರದರ್ಶನದಲ್ಲಿ ಉದ್ದನೆಯ ಸಾಲು! ಆಡುವವರೇ ಗಿರಾಕಿಗಳು. ಹೊಲಿಯಲು ಕೊಟ್ಟ ಬಟ್ಟೆ ಕೇಳಿದವರಿಗೆಲ್ಲ ನಿನ್ನದೇ ದನಿಯಲ್ಲಿ ಒಂದೇ ಉತ್ತರ: “ಕಾಜಾ ಒಂದೇ ಬಾಕಿ, ನಾಳೆ ಬನ್ನಿ.” ಅಜ್ಜ ಒಬ್ಬರು ಮೂರು ದಿನದಿಂದ ಆಟದೊಳಗಿನ ಒಂದು ಅಂಗಿಗಾಗಿ ಅಲೆಯುತ್ತಿದ್ದಾರೆ.

“ಯಾರೂ ಗೆಲ್ತಾನೇ ಇಲ್ವಲ್ಲಮ್ಮಾ! ಇದು ನಿಜವಾದ ಅಂಗಡೀನಾ, ನೀನೇ ಕಟ್ಟಿದ ಕತೇನಾ?” ಎಂದು ಇಲ್ಲಿನ ಸ್ಪರ್ಧೆಯ ತೀರ್ಪುಗಾರರೊಬ್ಬರು ಗದರಿದರು. ಈ ಪ್ರಯಾಣಕ್ಕೆಂದೇ ನೀನು ಹೊಲಿದ ಕೋಟನ್ನೇ ನಾನು ತೋರಿಸಿದೆ: ಗುಂಡಿ ಐದು, ಅವನ್ನು ತೂರಿಸಲು ಕಾಜಾ ಒಂದೂ ಇಲ್ಲ, ಎಲ್ಲ ಪಿನ್ನು. ಮೊದಲ ಬಹುಮಾನ ಕೊಟ್ಟೇಬಿಟ್ಟರು!

ಬಹುಮಾನದ ಫಲಕ ನಿನಗೇ. ಆದರೆ ನಾನು ಬಂದಿಳಿದ ದಿನವೇ ಕೇಳಬೇಡ, ನಾಳೆ ಬಾ.

ನಿನ್ನ ಅಕ್ಕನ ಮಗಳು