ರಾಶಿಯ ವೀಲ್‌ಚೇರ್

ಮಂಗಳವಾರ, ನವೆಂಬರ್ ೧೨

ಇವತ್ತು ರಾಶಿಗೆ ಸುಳ್ಳು ಹೇಳಿದೆ.

ಬೆಳಿಗ್ಗೆ ಒಂಬತ್ತನೇ ತರಗತಿಗೆ ಟ್ರಾಲಿ ಪ್ರಯೋಗ ಮಾಡಿಸಿದೆ. ಅದನ್ನು ಎಳೆಯಲು ದಾರ ಕಟ್ಟಿ ರಾಟೆಯಿಂದ ಇಳಿಬಿಟ್ಟ ತೂಕದ ಬಟ್ಟನ್ನು ಬದಲಿಸಲಿಲ್ಲ. ಟ್ರಾಲಿಯ ಮೇಲಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಂತೆ ಅದು ಇನ್ನಷ್ಟು ಜೋರಾಗಿ ಓಡಿತು.

"ಸಾರ್, ತೂಕ ಕಮ್ಮಿ ಆಯ್ತಲ್ಲ, ಅದಕ್ಕೇ" ಎಂದಳು ಮುಂದಿನ ಬೆಂಚಿನ ಹುಡುಗಿ.

"ತೂಕ ಅಲ್ಲಮ್ಮ, ದ್ರವ್ಯರಾಶಿ" ಎಂದು ಎಂದಿನಂತೆ ತಿದ್ದಿದೆ. ಹೇಳುತ್ತಲೇ ಹಳೆಯದೊಂದು ನೆನಪಾಯಿತು. ಮದುವೆಯಾದ ಹೊಸತರಲ್ಲಿ, ಮೈಕೈ ತುಂಬಿಕೊಂಡಿದ್ದ ಹೆಂಡತಿಯನ್ನು 'ದ್ರವ್ಯರಾಶಿ' ಎಂದೇ ರೇಗಿಸುತ್ತಿದ್ದೆ. ಕರೆದು ಕರೆದು ಸವೆದು ಅದು 'ರಾಶಿ'ಯಾಯಿತು. ಈಗ ಅವಳ ತಂಗಿಯೂ ಹಾಗೇ ಕರೆಯುತ್ತಾಳೆ.

ಸಂಜೆ ಆಸ್ಪತ್ರೆಯ ಹಜಾರದಲ್ಲಿ ರಾಶಿಯ ವೀಲ್‌ಚೇರ್ ತಳ್ಳಿದೆ. ದಿನವೂ ತಳ್ಳುವಷ್ಟೇ ತಳ್ಳಿದ್ದು. ಅದು ಕೈತಪ್ಪಿ ಮುಂದಕ್ಕೆ ಚಿಮ್ಮಿತು.

"ರೀ, ಮೆಲ್ಲಗೆ! ಯಾರ ಮೇಲಿನ ಸಿಟ್ಟು ಇದು?" ಎಂದು ನಕ್ಕಳು.

ಕಾಯಿಲೆ ಅವಳನ್ನು ಎಷ್ಟು ಕರಗಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ. "ಈಗಷ್ಟೇ ನೆಲ ಒರೆಸಿದಾರೆ ಕಣೇ, ಚಕ್ರ ಜಾರ್ತು" ಎಂದೆ.

ನೆಲ ಒಣಗಿತ್ತು. ಅವಳೂ ಬಗ್ಗಿ ನೋಡಿದಳು. ಆಮೇಲೆ, "ಹೌದಾ? ಹುಷಾರು, ನೀವೂ ಜಾರೀರಿ" ಎಂದಳು.

ನಾಳೆಯಿಂದ ಮೆಲ್ಲಗೆ ತಳ್ಳಬೇಕು. ತಲೆಗೇನೋ ಲೆಕ್ಕ ಗೊತ್ತು. ಈ ಕೈಗಳಿಗೆ ಮಾತ್ರ ಇನ್ನೂ ಯಾರೂ ವಿಷಯ ತಿಳಿಸಿಲ್ಲ. ಅವು ಈಗಲೂ ತಳ್ಳುತ್ತಿರುವುದು ಹಳೆಯ ರಾಶಿಯನ್ನೇ.