ಹೊತ್ತು ಮುಳುಗಿದ ಮೇಲಿನ ಪೊರೋಟ

ದೊಡ್ಡಪ್ಪಾ,

ನೀವು ಮಲಗಿದ್ದ ಮಂಚವನ್ನು ಕಾಫಿ ಕಣಕ್ಕೆ ತಂದು ಬಿಸಿಲಿಗೆ ಇಟ್ಟಿದ್ದಾರೆ. ಈಗ ಅದರ ಮೇಲೆ ಗೋಣಿ ಹಾಸಿ ಅಮ್ಮ ಮೆಣಸು ಒಣಗಿಸುತ್ತಾಳೆ. ನೋಡಿದರೆ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಮೆಣಸು ಚೆನ್ನಾಗಿ ಒಣಗಿದೆ ಅನಿಸಿತು, ಅಷ್ಟೇ. ಸತ್ತವರನ್ನು ಮಾತಾಡಿಸುವ ಕವಿತೆಗಳನ್ನು ಕಂಡರೆ ನೀವು ನಗುತ್ತಿದ್ದಿರಿ. ಆದರೂ ಬರೆಯುತ್ತಿದ್ದೇನೆ. ನಿಮ್ಮ ಹೆಸರಿನಲ್ಲಿ ಎರಡು ಸುಳ್ಳು ಹುಟ್ಟಿಕೊಂಡವು. ಅವು ಏನಾದವು ಎಂದು ನಾನು ಹೇಳದಿದ್ದರೆ ನಿಮಗೆ ಯಾರು ಹೇಳುತ್ತಾರೆ?

ನೀವು ನನಗೆ ಕನ್ನಡ ಓದಲು ಕಲಿಸಿದ ಮಧ್ಯಾಹ್ನ ನೆನಪಿದೆಯೇ? ಶಾಲೆಯಲ್ಲಿ ಎಲ್ಲವೂ ಮಲಯಾಳ. ಮನೆಯಲ್ಲಿ ಕನ್ನಡ ಬಾಯಿಗೆ ಮಾತ್ರ ಇತ್ತು, ಕಣ್ಣಿಗೆ ಇರಲಿಲ್ಲ. ಕಣದ ಪಕ್ಕದ ನಿಮ್ಮ ಕೋಣೆಯಲ್ಲಿ ನೀವು ಟ್ರಂಕು ತೆರೆದಿರಿ. ಅದರ ತಳಕ್ಕೆ ಹಾಸಿದ್ದವು ನೀವು ಗೋಡೆಗೆ ಅಂಟಿಸುತ್ತಿದ್ದ ಕವಿತೆಯ ಹಾಳೆಗಳು. ಅಚ್ಚು ಕೆಟ್ಟು, ಸಾಲು ಓರೆಯಾಗಿ, ಗೋಡೆಗೆ ಹೋಗದೆ ಉಳಿದವು. ಎಡಗಡೆ ಮಲಯಾಳ, ಬಲಗಡೆ ಕನ್ನಡ. ಎಡಗಡೆ ಓದಿಕೊಂಡು ಬಲಗಡೆ ಊಹಿಸು ಎಂದಿರಿ. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಕನ್ನಡ ಸಾಲು ಯಾವುದು ಗೊತ್ತೇ? "ನಾಯಿಗೆ ಹೆಸರಿಟ್ಟ ಗೌಡರೇ, ನಿಮ್ಮ ಆಳಿನ ಹೆಸರೇನು?" ನಮ್ಮ ಮನೆಯವರನ್ನೇ ಕೇಳಿದ ಪ್ರಶ್ನೆ ಅದು ಎಂದು ಆಮೇಲೆ ತಿಳಿಯಿತು. ಅವತ್ತಿನಿಂದ ನಾನು ಬೇರೆ ಏನನ್ನೂ ಸರಿಯಾಗಿ ಓದಲಿಲ್ಲ. ಕರಪತ್ರಗಳನ್ನು ಓದಿದೆ. ಬಸ್ ನಿಲ್ದಾಣದಲ್ಲಿ ಹಂಚಿದ್ದು, ಸಭೆಗಳಲ್ಲಿ ಕೊಟ್ಟಿದ್ದು, ಪೊಟ್ಟಣ ಕಟ್ಟಿ ಬಂದಿದ್ದು.

ನಿಮ್ಮ ಮೊದಲ ಪೊರೋಟದ ಕಥೆಯನ್ನು ನೀವು ಎಷ್ಟು ಸಲ ಹೇಳಿದ್ದೀರಿ! ಆಗ ನಮ್ಮ ಪೇಟೆ ಪನಮರದಲ್ಲಿ ನೀವು ನಾಲ್ಕು ಜನ ಹುಡುಗರು. ಪತ್ರಿಕೆಗಳು ನಿಮ್ಮ ಕವಿತೆಗಳನ್ನು ಅಚ್ಚು ಹಾಕುತ್ತಿರಲಿಲ್ಲ, ನೀವೂ ಕೇಳುತ್ತಿರಲಿಲ್ಲ. ಬರೆದದ್ದನ್ನು ಗೋಡೆಗೆ ಅಂಟಿಸುತ್ತಿದ್ದಿರಿ. ಊರಿನವರು ನಿಮ್ಮನ್ನು ಗೋಡೆಯವರು ಎಂದರು. ನೀವು ಅದನ್ನೇ ಹೆಸರು ಮಾಡಿಕೊಂಡಿರಿ. ಮೂರೇ ನಿಯಮ: ಹೆಸರು ಹಾಕಬಾರದು, ಪುಸ್ತಕ ಮಾಡಬಾರದು, ಮೈದಾ ಅಂಟಿಗೆ ಮೈಲುತುತ್ತ ಬೆರೆಸಬಾರದು. ಸಿನಿಮಾದ ಪೋಸ್ಟರಿನವರು ದನ, ಆಡು ತಿನ್ನದಿರಲಿ ಎಂದು ಅಂಟಿಗೆ ಆ ನೀಲಿ ಪುಡಿ ಹಾಕುತ್ತಿದ್ದರು. ನೀವು ಹಾಕಲಿಲ್ಲ. ಕವಿತೆಯನ್ನು ಮಳೆ ತೊಳೆದರೆ ತೊಳೆಯಲಿ, ಆಡು ತಿಂದರೆ ತಿನ್ನಲಿ, ನಾಳೆ ಹೊಸದು ಬರೆಯೋಣ ಎಂದಿರಿ. ಗುಂಪಿಗೆ ಸೇರಬೇಕಾದರೆ ಏನಾದರೊಂದನ್ನು ಮುರಿದು ಬರಬೇಕಿತ್ತಂತೆ. ಕತ್ತಲಾದ ಮೇಲೆ ಉಣ್ಣದ ಜೈನ ಗೌಡರ ಮನೆಯ ಹುಡುಗನಾದ ನೀವು ಹೊತ್ತು ಮುಳುಗಿದ ಮೇಲೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಪೊರೋಟ ತಿಂದಿರಿ. ಸಾಲದು ಎಂದು ಮನೆಗೆ ಬಂದು ಅಜ್ಜನ ಮುಂದೆ ಬಾಯಿ ತೆರೆದು ತೋರಿಸಿದಿರಿ. ಅಜ್ಜ ಒಳಗೆ ನೋಡಿ, "ಹಲ್ಲು ಸರಿಯಾಗಿ ಉಜ್ಜು" ಎಂದು ಹೇಳಿ ಬಾಗಿಲು ಹಾಕಿಕೊಂಡರಂತೆ. ಅಲ್ಲಿಂದ ನಿಮ್ಮ ಊಟ ಜಗಲಿಯಲ್ಲಿ, ನಿದ್ದೆ ಕಣದ ಕೋಣೆಯಲ್ಲಿ.

ಅಪ್ಪ ನಿಮ್ಮನ್ನು ಎತ್ತಿಕೊಂಡು ಮನೆಯೊಳಗೆ ಬಂದ ದಿನ ನೀವು ಹೊಸ್ತಿಲಲ್ಲಿ ಕಣ್ಣು ಮುಚ್ಚಿಕೊಂಡಿರಿ. ಅನ್ನನಾಳದಲ್ಲಿ ಗಂಟು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿದ್ದರು. ಮೊದಲು ಗಂಜಿ ಇಳಿಯಲಿಲ್ಲ, ಆಮೇಲೆ ಗಂಜಿಯ ತಿಳಿಯೂ ಇಳಿಯಲಿಲ್ಲ. ಪಾಲಿಯೇಟಿವ್ ಆರೈಕೆಗೆ ಮನೆಗೇ ಬರುತ್ತಿದ್ದ ನರ್ಸ್ ಚೇಚಿ, ಬಾಯಿಗೆ ರುಚಿ ಕೊಡಬಹುದು, ನುಂಗಿಸಬೇಡಿ ಎಂದರು. ಅವತ್ತು ಸಂಜೆ ನೀವು ನನ್ನನ್ನು ಹತ್ತಿರ ಕರೆದಿರಿ.

"ಪದ್ಮಾ, ನಂಗೆ ಹಸಿವಾಗ್ತದೆ."

"ಏನು ಕೊಡ್ಲಿ ದೊಡ್ಡಪ್ಪಾ?"

"ಪೊರೋಟ. ಹೊತ್ತು ಮುಳುಗ್ಲಿ, ಆಮೇಲೆ ತಾ. ಮೊಟ್ಟೆ ಹಾಕ್ತಾರೆ ಅಂತ ನಿನ್ನಪ್ಪಂಗೆ ಹೇಳ್ಬೇಡ."

ದಿನವೂ ತಂದುಕೊಟ್ಟೆ. ಅಡುಗೆಮನೆ ಮುಚ್ಚಿ ಎಲ್ಲರೂ ಒಳಗೆ ಹೋದ ಮೇಲೆ ಒಂದು ಚೂರು ಹರಿದು, ಹೋಟೆಲಿನ ಚಹಾದಲ್ಲಿ ಅದ್ದಿ ನಿಮ್ಮ ನಾಲಿಗೆಯ ಮೇಲೆ ಇಡುತ್ತಿದ್ದೆ. ನೀವು ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, ಹಿತ್ತಾಳೆ ಬಟ್ಟಲಿಗೆ ಉಗಿಯುತ್ತಿದ್ದಿರಿ. "ಇನ್ನೊಂದು." ಮತ್ತೆ ಅಗಿಯುವುದು, ಉಗಿಯುವುದು. ಕೊನೆಯ ಸಂಜೆ ಕೂಡ ಹಾಗೆಯೇ ಆಯಿತು. ನಾನು ಆ ಬಟ್ಟಲನ್ನು ಮಂಚದ ಕೆಳಗೆ ಸರಿಸಿ ಮಲಗಿದೆ. ಬೆಳಿಗ್ಗೆ ನೀವು ಇರಲಿಲ್ಲ.

ಅಂಗಳದಲ್ಲಿ ಜನ ಸೇರಿದಾಗ ಅಪ್ಪ ಕೈಮುಗಿದು ನಿಂತು ಮೊದಲ ಸುಳ್ಳು ಹೇಳಿದರು. "ಅಣ್ಣ ಕಡೇಲಿ ದಾರಿಗೆ ಬಂದ. ತಾನಾಗೇ ಅನ್ನ ನೀರು ಬಿಟ್ಟ. ಸಲ್ಲೇಖನ ಮಾಡ್ದ." ಬಸದಿಯ ಹಿರಿಯರು ನಿಮ್ಮ ಕಾಲಿಗೆ ನಮಸ್ಕರಿಸಿದರು. ನಿಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಹೆಂಗಸರು ಸಾಲಾಗಿ ಬಂದು ನಿಮ್ಮ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನೀವು ನೋಡಿದ್ದರೆ... ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಕೈಯಲ್ಲಿ ಚಹಾದ ಲೋಟ ಇತ್ತು. ಅದು ತಣ್ಣಗಾಗಿದೆ ಎಂಬುದೊಂದೇ ನನಗೆ ಗೊತ್ತಾಗುತ್ತಿತ್ತು.

ಎರಡನೆಯ ಸುಳ್ಳನ್ನು ನಿಮ್ಮ ಗೆಳೆಯ, ಊರಿಗೆಲ್ಲ ಮೇಷ್ಟರಾದ ಮಾಷ್ ತಂದರು. ಗೋಡೆಯವರ ಪೈಕಿ ಈಗ ಉಳಿದಿರುವವರು ಅವರೊಬ್ಬರೇ. ಕೋಲು ಊರಿಕೊಂಡು ಕಣಕ್ಕೆ ಬಂದು, ಮೆಣಸಿನ ಮಂಚದ ತುದಿಯಲ್ಲಿ ಕೂತರು. ಊರ ಗ್ರಂಥಾಲಯವಾದ ವಾಯನಶಾಲೆಯಲ್ಲಿ ಸಂತಾಪ ಸಭೆ ಇದೆ, ನೀನು ಮಾತಾಡಬೇಕು ಎಂದರು.

"ವ್ರತ ಗಿತ ಏನೂ ಅಲ್ಲ, ಮೋಳೇ. ಅವನು ಬೆಟ್ಟದ ಕಲ್ಲು ಕ್ವಾರಿ ವಿರುದ್ಧ ಅನ್ನ ಬಿಟ್ಟ. ನಿರಾಹಾರ ಸಮರ. ಹಾಗೇ ಹೇಳು."

"ನಿಮಗೆ ಅವರು ಹಾಗೆ ಹೇಳಿದ್ರಾ ಮಾಷೇ?"

"ಹೇಳ್ಬೇಕಾ? ಐವತ್ತು ವರ್ಷದ ಚಙ್ಙಾದಿ ನಾನು. ನಂಗೆ ಅರಿಯಲ್ವಾ?"

ನಿಜ ಹೇಳುತ್ತೇನೆ, ದೊಡ್ಡಪ್ಪಾ, ನನಗೆ ಆ ಸುಳ್ಳು ಬಹಳ ಇಷ್ಟವಾಯಿತು. ಬೆಟ್ಟ ಕೊರೆಯುವ ಯಂತ್ರಗಳ ಎದುರು ಅನ್ನ ಬಿಟ್ಟು ಪ್ರಾಣ ಕೊಟ್ಟ ಕವಿ. ಅಂಥ ದೊಡ್ಡಪ್ಪ ಯಾರಿಗೆ ಬೇಡ? ಅವತ್ತೇ ಕೂತು ಕರಪತ್ರದ ತಲೆಬರಹವನ್ನೂ ಬರೆದೆ. "ಅವರು ಅನ್ನವನ್ನು ಆಯುಧ ಮಾಡಿದರು." ಚೆನ್ನಾಗಿದೆ, ಅಲ್ಲವೇ? ಅದರ ಕೆಳಗೆ ಮುಂದಿನ ಸಾಲು ಬರಲಿಲ್ಲ. ಬರೆಯಲು ಹೋದಾಗಲೆಲ್ಲ ನಿಮ್ಮ ದವಡೆ ಅಲ್ಲಾಡುವುದು ಕಾಣುತ್ತಿತ್ತು. ಆ ಚೂರನ್ನು ಉಗಿಯುವ ಮುನ್ನ ನೀವು ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದಿರಲ್ಲ, ಅದು.

ಸಭೆಯ ದಿನ ವಾಯನಶಾಲೆಯಲ್ಲಿ ಒಂದು ಕಡೆ ಬಸದಿಯವರು, ಇನ್ನೊಂದು ಕಡೆ ಮಾಷ್ ಕರೆತಂದ ಹುಡುಗರು. ನಡುವೆ ನಿಮ್ಮ ಫೋಟೋ. ಅದಕ್ಕೆ ಎರಡು ಹಾರ, ಎರಡೂ ಬೇರೆ ಬೇರೆಯವರದು. ಅಪ್ಪ ಮಾತಾಡಿದರು, ಮಾಷ್ ಮಾತಾಡಿದರು. ಒಬ್ಬರು ನಿಮ್ಮನ್ನು ಮುನಿ ಮಾಡಿದರು, ಇನ್ನೊಬ್ಬರು ಹುತಾತ್ಮ ಮಾಡಿದರು. ಹುತಾತ್ಮರನ್ನು ಹುಡುಕಿಕೊಂಡು ಬೆಳೆದವಳು ನಾನು. ಎದ್ದು ನಿಂತೆ.

"ದೊಡ್ಡಪ್ಪ ಅನ್ನ ಬಿಡಲಿಲ್ಲ," ಅಂದೆ. "ಅನ್ನ ಅವರ ಗಂಟಲಲ್ಲಿ ಇಳಿಯಲಿಲ್ಲ. ಅವರಿಗೆ ದಿನವೂ ಹಸಿವಾಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ಪೊರೋಟ ಕೇಳುತ್ತಿದ್ದರು. ಅಗಿದು ಉಗಿಯುತ್ತಿದ್ದರು. ನಾನೇ ತಂದು ಕೊಡುತ್ತಿದ್ದೆ."

ಮಲಯಾಳದಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿ ಕೂತೆ, ನಿಮ್ಮ ಹಾಳೆಯ ಹಾಗೆ. ಫ್ಯಾನ್ ತಿರುಗುತ್ತಿತ್ತು. ಬಸದಿಯ ಹಿರಿಯರೊಬ್ಬರು ಚಪ್ಪಲಿ ಹುಡುಕತೊಡಗಿದರು. ಮಾಷ್ ಕನ್ನಡಕ ತೆಗೆದು ಉಟ್ಟಿದ್ದ ಮುಂಡಿನ ಅಂಚಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಕೊನೆಗೆ ನನ್ನ ಪಕ್ಕಕ್ಕೆ ಬಗ್ಗಿ ಕೇಳಿದರು.

"ಯಾವ ಹೋಟೆಲ್?"

"ಅದೇ. ಬಸ್ ನಿಲ್ದಾಣದ್ದು."

"ಅಲ್ಲಿ ಈಗ ಚೆನ್ನಾಗಿರಲ್ಲ, ಮೋಳೇ," ಅಂದರು. ಅಷ್ಟು ಹೇಳಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಮನೆಗೆ ಬರುವಾಗ ಅಪ್ಪ ಜೀಪು ಹತ್ತಲಿಲ್ಲ. ಹೊಳೆಯ ಪಕ್ಕದ ಗದ್ದೆ ಬದುವಿನ ಮೇಲೆ ಮುಂದೆ ಮುಂದೆ ನಡೆದರು. ನಾನು ಹಿಂದೆ. ನನ್ನಲ್ಲಿ ಜಗಳಕ್ಕೆ ಬೇಕಾದ ಮಾತುಗಳೆಲ್ಲ ತಯಾರಿದ್ದವು. ಧರ್ಮದ ಬಗ್ಗೆ, ಮರ್ಯಾದೆಯ ಬಗ್ಗೆ, ಸತ್ತವರನ್ನು ಕದಿಯುವವರ ಬಗ್ಗೆ. ಅಪ್ಪ ನಡುದಾರಿಯಲ್ಲಿ ನಿಂತರು. ತಿರುಗಿ ನೋಡಲಿಲ್ಲ.

"ಆ ಬಟ್ಲು ದಿನಾ ಬೆಳಿಗ್ಗೆ ಯಾರು ತೊಳೀತಿದ್ರು ಅಂದ್ಕಂಡಿದ್ದೆ?"

ಅಮ್ಮ ಅಂದುಕೊಂಡಿದ್ದೆ. ಅಂದರೆ, ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

"ನಿಂಗೆ ಗೊತ್ತಿತ್ತಾ ಅಪ್ಪಾ? ಮತ್ತೆ ಯಾಕೆ ಹಾಗೆ..."

"ನಮ್ಮನೆ ತುಂಬ ಭತ್ತ ಐತೆ ಮಗಾ. ಅಣ್ಣ ಹಸ್ಕಂಡು ಹೋದ ಅಂತ ಜನರ ಮುಂದೆ ಹೆಂಗೆ ಹೇಳ್ಲಿ? ಅವನಾಗೇ ಬಿಟ್ಟಿದ್ದು ಅಂದ್ರೆ... ಅದು ಅವನ ಇಷ್ಟ ಆಗ್ತಿತ್ತಲ್ಲ."

ಮಾಷ್ ಕೂಡ ಅದಕ್ಕೇ ಸಮರ ಅಂದರೇ? ನೀವು ಬೇಡ ಅಂದಿರಿ ಎಂದು ನಂಬುವುದು, ನಿಮಗೆ ಬೇಕಿತ್ತು ಎಂದು ನೆನೆಯುವುದಕ್ಕಿಂತ ಸುಲಭ ಎಂದೇ? ನನಗೆ ಅಪ್ಪನ ಹೆಗಲ ಮೇಲೆ ಕೈ ಇಡಬೇಕು ಅನಿಸಿರಬೇಕು. ಇಡಲಿಲ್ಲ. ಬದು ಸಣ್ಣದು, ಇಬ್ಬರು ಪಕ್ಕಪಕ್ಕ ನಿಲ್ಲಲು ಆಗುವುದಿಲ್ಲ.

ಮರುವಾರ ಒಂದು ಸಂಜೆ ನಾನು ಹಾಳೆ ಹರಡಿಕೊಂಡು ಕೂತಿದ್ದಾಗ ಅಪ್ಪ ಬಂದು, ಏನು ಬರೀತೀಯ ಎಂದರು. ತೋರಿಸಿದೆ. ಎಡಗಡೆ ಮಲಯಾಳದಲ್ಲಿ, ಬಲಗಡೆ ಕನ್ನಡದಲ್ಲಿ ಒಂದೇ ಸಾಲು. "ನನಗೆ ಹಸಿವಾಗಿದೆ." ನಿಮ್ಮ ಹೆಸರಿಲ್ಲ, ನನ್ನದೂ ಇಲ್ಲ. ಅಪ್ಪ ಓದಿದರು. ಆಮೇಲೆ ಒಳಗೆ ಹೋಗಿ ಒಲೆ ಹೊತ್ತಿಸಿ ಮೈದಾ ಕಲಸಿದರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯ ಒಲೆ ಉರಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮ ಬಾಗಿಲ ಬಳಿ ನಿಂತು ನೋಡಿದಳು.

"ಒಂಚೂರು ಮೈಲುತುತ್ತ ಹಾಕ್ಲಾ? ಮೆಣಸಿನ ಬಳ್ಳಿಗೆ ತಂದಿದ್ದು ಐತೆ. ಆಡು ಮುಟ್ಟಲ್ಲ."

"ಬೇಡ ಅಪ್ಪಾ. ಅವರ ನಿಯಮ."

"ಎಂಥಾ ನಿಯಮನೋ. ಬರ್ದಿದ್ದು ಉಳೀಬಾರ್ದು ಅಂತ ಬರೆಯೋ ಜನ ನೀವೊಬ್ರೇ. ಹೋಗು, ಕೊಟ್ಟಿಗೇಲಿ ಬ್ರಷ್ ಐತೆ, ತಗಂಬಾ."

ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಗೋಡೆಗೆ ನಾನು ಹಾಳೆ ಹಿಡಿದೆ, ಅಪ್ಪ ಅಂಟು ಬಳಿದರು. ಮುಖ್ಯ ಸುದ್ದಿ ಇನ್ನು ಮುಂದೆ ಇದೆ, ದೊಡ್ಡಪ್ಪಾ. ಎರಡು ದೊಡ್ಡ ಮಳೆ ಬಂದವು. ಹಾಳೆ ಹೋಗಲಿಲ್ಲ. ಒಂದು ಆಡು ಬಂತು. ಕೇಣಿಚಿರದ ಬಸ್ಸಿಗೆ ಕಾಯುತ್ತ ನಾನು ನೋಡುತ್ತಿದ್ದೆ. ಅದು ನಿಮ್ಮ ಸಾಲನ್ನು ಮೂಸಿ, ತಲೆ ಕೊಡವಿ, ಪಕ್ಕದ ಚುನಾವಣೆಯ ಪೋಸ್ಟರಿಗೆ ಹೋಗಿ ಅಭ್ಯರ್ಥಿಯ ಗಲ್ಲದಿಂದ ತಿನ್ನಲು ಶುರು ಮಾಡಿತು. ನಾನು ಹತ್ತಿರ ಹೋಗಿ ನೋಡಿದೆ. ಹಾಳೆಯ ಸುತ್ತ ಒಣಗಿದ ಅಂಟಿನ ಅಂಚು ತಿಳಿನೀಲಿ.

ಅವತ್ತು ಸಂಜೆ, ಹೊತ್ತು ಮುಳುಗುವ ಮುನ್ನ, ಅಪ್ಪ ಊಟಕ್ಕೆ ಕೂತಾಗ ಅವರ ಉಗುರುಗಳ ಸಂದಿಯಲ್ಲಿ ನೀಲಿ ಇದೆಯೇ ಎಂದು ನೋಡಿದೆ. ಅವರು ಕೈಯನ್ನು ತಟ್ಟೆಯ ಕೆಳಗೆ ಎಳೆದುಕೊಂಡರು. ನಾನು ಸಾರು ಬಡಿಸಿದೆ.

ನಿಮ್ಮ ನಿಯಮದ ಪ್ರಕಾರ ಆ ಹಾಳೆಯನ್ನು ನಾನು ಕಿತ್ತು ಹಾಕಬೇಕು. ಬಸ್ಸಿಗೆ ಕಾಯುವಾಗಲೆಲ್ಲ ಅದರ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡುತ್ತೇನೆ. ಬರುವುದಿಲ್ಲ. ಅಪ್ಪ ಅಂಟನ್ನು ಚೆನ್ನಾಗಿ ಕಾಯಿಸಿದ್ದಾರೆ.

ನಿಮ್ಮ
ಪದ್ಮಾ